ಗೊರಕೆ: ಪಕ್ಕದಲ್ಲಿ ಮಲಗಿದವರನ್ನು ಕೇಳಿ

ಹಿರೇಕೆರೂರಿನ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಹಬ್ಬಕ್ಕೆ, ಜಾತ್ರೆಗೆ ಬಂದವರೆಲ್ಲ ಜಮಖಾನದ ಮೇಲೆ ಸಾಲಾಗಿ ಮಲಗುತ್ತಿದ್ದರು. ದೊಡ್ಡಪ್ಪನ ಪಕ್ಕದ ಜಾಗ ಮಾತ್ರ ಖಾಲಿ ಉಳಿಯುತ್ತಿತ್ತು. ಅವರ ಗೊರಕೆ ಓಣಿಯ ಕಟ್ಟೆಯವರೆಗೆ ಕೇಳುತ್ತಿತ್ತು. ಮಕ್ಕಳಾದ ನಮಗೆ ಅದೊಂದು ನಗೆಯ ವಸ್ತು, ದೊಡ್ಡವರಿಗೆ ಒಂದು ಬಗೆಯ ಹೆಮ್ಮೆ. ‘ಹೊಲದಾಗ ದುಡದು ಬಂದ ಗಂಡಸು, ಮಲಗಿದ್ರ ಹಂಗ ಮಲಗ್ಬೇಕು’ ಎನ್ನುತ್ತಿದ್ದರು. ದೊಡ್ಡವ್ವ ಮಾತ್ರ ನಗುತ್ತಿರಲಿಲ್ಲ. ಗೊರಕೆ ಜೋರಾಗಿರುವಷ್ಟು ಹೊತ್ತು ಅವಳು ಸುಮ್ಮನೆ ಮಲಗಿರುತ್ತಿದ್ದಳು. ಸದ್ದು ಥಟ್ಟನೆ ನಿಂತರೆ ಎದ್ದು ಕೂತು, ಅವರ ಭುಜ ಹಿಡಿದು ಮಗ್ಗುಲಿಗೆ ಹೊರಳಿಸುತ್ತಿದ್ದಳು.

ಗೊರಕೆಯ ಬಗ್ಗೆ ನಮ್ಮ ಕಡೆ ಓಡಾಡುವ ಮಾತುಗಳನ್ನು ಇಲ್ಲಿ ಒಂದೊಂದಾಗಿ ಎತ್ತಿಕೊಂಡಿದ್ದೇನೆ. ಕೆಲವು ಬರೀ ಹುಸಿ ನಂಬಿಕೆ. ಕೆಲವು ಪ್ರಾಣಕ್ಕೆ ಎರವಾಗುವಂಥವು.

‘ಗೊರಕಿ ಹೊಡಿಯಾಕತ್ತಾನಂದ್ರ ನಿದ್ದಿ ಗಟ್ಟಿ ಹತ್ತೇತಿ’

ಗೊರಕೆ ಎಂದರೆ ಇಕ್ಕಟ್ಟಾದ ದಾರಿಯಲ್ಲಿ ಉಸಿರು ನುಸುಳುವ ಸದ್ದು. ಮೂಗಿನ ಹಿಂಭಾಗದಿಂದ ಧ್ವನಿಪೆಟ್ಟಿಗೆಯವರೆಗಿನ ಗಂಟಲ ಹಾದಿಗೆ ಎಲುಬಿನ ಗಟ್ಟಿ ಆಸರೆ ಇಲ್ಲ. ಅದನ್ನು ತೆರೆದು ಹಿಡಿದಿರುವುದು ಸ್ನಾಯುಗಳು. ನಿದ್ದೆ ಬಂದೊಡನೆ ಅವು ಸಡಿಲಾಗುತ್ತವೆ. ಅಂಗಾತ ಮಲಗಿದ್ದರೆ ನಾಲಿಗೆಯ ಬುಡವೂ ಹಿಂದಕ್ಕೆ ಜಾರುತ್ತದೆ. ಉಳಿದ ಸಂದಿಯಲ್ಲಿ ಗಾಳಿ ವೇಗವಾಗಿ ನುಗ್ಗುವಾಗ ಮೆತ್ತನೆಯ ಅಂಗುಳು, ಕಿರುನಾಲಿಗೆ, ಗಂಟಲ ಗೋಡೆ ಪಟಪಟನೆ ಅದುರುತ್ತವೆ.

ಕುಮುದ್ವತಿ ದಂಡೆಯಲ್ಲಿ ಪಂಪ್‌ಸೆಟ್ ಇಟ್ಟುಕೊಂಡವರಿಗೆ ಇದನ್ನು ಹೇಳುವುದು ಸುಲಭ. ನೀರು ಎಳೆಯುವ ಸಕ್ಷನ್ ಪೈಪು ಗಟ್ಟಿಯಾಗಿರಬೇಕು. ಮೆತ್ತನೆಯದು ಹಾಕಿದರೆ ಮೋಟರು ಎಳೆದಂತೆಲ್ಲ ಪೈಪಿನ ಗೋಡೆ ಒಳಕ್ಕೆ ಅಂಟಿಕೊಳ್ಳುತ್ತದೆ, ನೀರು ಬರುವುದಿಲ್ಲ. ಮಲಗಿದವರ ಗಂಟಲು ಅಂಥ ಮೆತ್ತನೆಯ ಸಕ್ಷನ್ ಪೈಪು. ಅರ್ಧ ಅಂಟಿದರೆ ಗೊರಕೆ. ಪೂರ್ತಿ ಅಂಟಿದರೆ ಸದ್ದೇ ಇಲ್ಲ. ಎದೆ, ಹೊಟ್ಟೆ ಏರಿಳಿಯುತ್ತಲೇ ಇರುತ್ತವೆ, ಗಾಳಿ ಮಾತ್ರ ಒಳಗೆ ಹೋಗುತ್ತಿರುವುದಿಲ್ಲ.

ಹೀಗೆ ಉಸಿರು 10 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ನಿಂತರೆ ವೈದ್ಯರು ಅದನ್ನು ಸ್ಲೀಪ್ ಆಪ್ನಿಯ ಎನ್ನುತ್ತಾರೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಗಾಬರಿಯಿಂದ ಅರೆ ಎಚ್ಚರಗೊಂಡು ಗಂಟಲನ್ನು ಬಿಗಿಮಾಡುತ್ತದೆ. ಮಲಗಿದವರು ಗೊರ್ ಎಂದು ಉಸಿರು ಎಳೆದುಕೊಂಡು ಮತ್ತೆ ನಿದ್ದೆಗೆ ಜಾರುತ್ತಾರೆ. ಬೆಳಗ್ಗೆ ಅವರಿಗೆ ಇದೊಂದೂ ನೆನಪಿರುವುದಿಲ್ಲ. ಉಸಿರು ನಿಲ್ಲುವುದು ಅಥವಾ ತೀರ ಕುಗ್ಗುವುದು ಗಂಟೆಗೆ 5ರಿಂದ 15 ಸಲವಾದರೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಗಂಟೆಗೆ 30 ಎಂದರೆ ಏಳು ತಾಸಿನ ರಾತ್ರಿಯಲ್ಲಿ 210 ಸಲ. ಇನ್ನೂರು ಸಲ ತಟ್ಟಿ ಎಬ್ಬಿಸಿಕೊಂಡವರ ನಿದ್ದೆಯನ್ನು ಗಟ್ಟಿ ನಿದ್ದೆ ಎನ್ನುವುದು ಹೇಗೆ?

‘ಗೊರಕಿಯಿಂದ ಯಾರರ ಸತ್ತದ್ದು ಕೇಳೀರೇನು?’

ಕೇಳಿದ್ದೇವೆ. ‘ಆಫ್ರಿಕಾದಲ್ಲಿ ಶೀಲಾ’ ಚಿತ್ರಕ್ಕೆ ಸಂಗೀತ ಕೊಟ್ಟ ಬಪ್ಪಿ ಲಾಹಿರಿ 2022ರ ಫೆಬ್ರುವರಿ 15ರಂದು ಮುಂಬೈಯಲ್ಲಿ ತೀರಿಕೊಂಡಾಗ, ಅವರಿಗೆ ಹಲವು ಕಾಯಿಲೆಗಳಿದ್ದವು, ಸಾವಿಗೆ ಕಾರಣ ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯ ಎಂದು ಚಿಕಿತ್ಸೆ ಕೊಟ್ಟ ವೈದ್ಯರೇ ಹೇಳಿದರು. ಅಬ್‌ಸ್ಟ್ರಕ್ಟಿವ್ ಎಂದರೆ ದಾರಿ ಕಟ್ಟಿಕೊಂಡು ಆಗುವಂಥದ್ದು. ಆ ಹೆಸರನ್ನು ನಮ್ಮೂರಲ್ಲಿ ಎಷ್ಟೋ ಜನ ಮೊದಲ ಸಲ ಕೇಳಿದ್ದು ಆ ಸುದ್ದಿಯಲ್ಲೇ.

ಆದರೆ ಈ ರೋಗ ಒಂದೇ ರಾತ್ರಿಯಲ್ಲಿ ಕೊಲ್ಲುವುದು ಅಪರೂಪ. ಅದು ವರ್ಷಗಟ್ಟಲೆ ಸವೆಸುತ್ತದೆ. ಉಸಿರು ನಿಂತು ಮತ್ತೆ ಶುರುವಾಗುವಾಗೆಲ್ಲ ರಕ್ತದೊತ್ತಡ ಜಿಗಿಯುತ್ತದೆ, ರಾತ್ರಿ ವಿಶ್ರಾಂತಿ ಪಡೆಯಬೇಕಾದ ಹೃದಯ ಓಡುತ್ತಿರುತ್ತದೆ. ಮೂರು ಬಗೆಯ ಗುಳಿಗೆ ನುಂಗಿದರೂ ಇಳಿಯದ ಬಿಪಿಯ ಹಿಂದೆ ಎಷ್ಟೋ ಸಲ ಇದೇ ಅಡಗಿರುತ್ತದೆ. ಹೃದಯದ ಲಯ ತಪ್ಪುವುದು, ಲಕ್ವಾ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಇವಕ್ಕೂ ಇದರೊಡನೆ ನಂಟಿದೆ.

ಬಹಳ ಜನ ಗಮನಿಸದ ಇನ್ನೊಂದು ಲಕ್ಷಣವಿದೆ: ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವುದು. ಮುಚ್ಚಿದ ಗಂಟಲಿನ ವಿರುದ್ಧ ಎದೆ ಎಳೆದಾಡಿದಾಗ ಹೃದಯದ ಮೇಲಿನ ಕೋಣೆ ಹಿಗ್ಗುತ್ತದೆ. ಮೈಯಲ್ಲಿ ನೀರು ಹೆಚ್ಚಾಗಿದೆ ಎಂದು ಬಗೆದು ಅದು ಮೂತ್ರ ಹೆಚ್ಚಿಸುವ ಹಾರ್ಮೋನು ಬಿಡುತ್ತದೆ. ಸಕ್ಕರೆ ಇರಬೇಕು, ಪ್ರಾಸ್ಟೇಟ್ ಇರಬೇಕು ಎಂದು ಪರೀಕ್ಷೆ ಮಾಡಿಸಿ, ಎರಡೂ ಇಲ್ಲವೆಂದು ನಿಟ್ಟುಸಿರು ಬಿಟ್ಟವರು ಗೊರಕೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

‘ಹಂಗಾದ್ರ ಗೊರಕಿ ಹೊಡಿಯೋರೆಲ್ಲಾ ರೋಗಿಗಳು’

ಇದೂ ತಪ್ಪು. ನೆಗಡಿಯಾದಾಗ, ದಣಿದಾಗ, ಅಂಗಾತ ಮಲಗಿದಾಗ ಬರುವ ಗೊರಕೆ, ನಡುವೆ ಉಸಿರು ನಿಲ್ಲದ, ಹಗಲು ತೂಕಡಿಕೆ ತರದ ಗೊರಕೆಗೆ ಉಸಿರಿನ ಯಂತ್ರವೂ ಬೇಡ, ಭಯವೂ ಬೇಡ. ಮಗ್ಗುಲಾಗಿ ಮಲಗುವುದು, ತೂಕ ಇಳಿಸುವುದು, ಮೂಗು ಸರಿಮಾಡಿಕೊಳ್ಳುವುದು ಸಾಕಾಗಬಹುದು. ದೆಹಲಿಯ ಏಮ್ಸ್ ಸಂಶೋಧಕರು ಭಾರತದ ಅಧ್ಯಯನಗಳನ್ನೆಲ್ಲ ಕೂಡಿಸಿ ಹಾಕಿದ ಅಂದಾಜಿನಲ್ಲಿ ವಯಸ್ಕರ ಪೈಕಿ ನೂರಕ್ಕೆ 11 ಮಂದಿಗೆ ಆಪ್ನಿಯ ಇದೆ. ಗೊರಕೆ ಹೊಡೆಯುವವರು ಅದಕ್ಕಿಂತ ಎಷ್ಟೋ ಹೆಚ್ಚು.

‘ಕುಂತಲ್ಲೇ ತೂಕಡಿಸೋದು ವಯಸ್ಸಿನ ಗುಣ’

ಉಂಡು ಕೂತಾಗ ಕಣ್ಣು ಎಳೆಯುವುದು ಬೇರೆ. ಮಾತಾಡುತ್ತಾ, ಭಜನೆ ಕೇಳುತ್ತಾ, ಗಾಡಿ ಓಡಿಸುತ್ತಾ ನಿದ್ದೆ ಹೋಗುವುದು ಬೇರೆ. ಅಂಥವರನ್ನು ಕುಂಭಕರ್ಣ ಎಂದು ಕರೆದು ನಗುತ್ತೇವೆ. ಅವರಿಗೆ ನಿದ್ದೆ ಹೆಚ್ಚಾಗಿರುವುದಿಲ್ಲ. ರಾತ್ರಿಯೆಲ್ಲ ಹಾಸಿಗೆಯಲ್ಲಿದ್ದೂ ನಿದ್ದೆ ಸಿಗದ ಸಾಲ ಅವರ ಮೇಲಿರುತ್ತದೆ.

ದೊಡ್ಡಪ್ಪ ಒಂದು ಸುಗ್ಗಿಯಲ್ಲಿ ಗೋವಿನಜೋಳ ತುಂಬಿದ ಟ್ರ್ಯಾಕ್ಟರನ್ನು ನಡುಹಗಲಲ್ಲಿ ರಸ್ತೆ ಬದಿಯ ಕಾಲುವೆಗೆ ಇಳಿಸಿದರು. ಟ್ರೇಲರು ವಾಲಿತು, ಚೀಲಗಳು ಬಿದ್ದವು, ಅವರಿಗೆ ಕೈ ತರಚಿತು ಅಷ್ಟೆ. ಸ್ಟೇರಿಂಗ್ ಕಟ್ಟಾಯಿತು ಎಂದರು. ಸ್ಟೇರಿಂಗ್ ಸರಿಯಾಗಿತ್ತು. ಅದೇ ಗಳಿಗೆ ಹಾವೇರಿ, ಶಿಗ್ಗಾಂವಿಯ ಮೇಲೆ ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಬಂದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ನನ್ನ ಮೈ ತಣ್ಣಗಾಗುತ್ತದೆ. ಲಾರಿ, ಬಸ್ಸು, ಟ್ರ್ಯಾಕ್ಟರು ಓಡಿಸುವವರು ಗೊರಕೆ ಹೊಡೆಯುತ್ತಿದ್ದರೆ, ಹಗಲು ಕಣ್ಣು ಎಳೆಯುತ್ತಿದ್ದರೆ, ಪರೀಕ್ಷೆ ಆಗುವವರೆಗೆ ದೂರದ ಗಾಡಿ ಹಿಡಿಯಬಾರದು. ಕಿಟಕಿ ತೆಗೆದರೆ, ಹಾಡು ಹಾಕಿದರೆ, ಚಹಾ ಕುಡಿದರೆ ಆ ನಿದ್ದೆ ಹೋಗುವುದಿಲ್ಲ.

‘ದಪ್ಪ ಇದ್ದವರಿಗೆ ಅಷ್ಟ’

ತೂಕ ದೊಡ್ಡ ಕಾರಣ ಹೌದು. ಕೊಬ್ಬು ಹೊಟ್ಟೆಯಲ್ಲಿ ಸೇರುವಂತೆ ಕೊರಳ ಸುತ್ತ, ನಾಲಿಗೆಯ ಒಳಗೂ ಸೇರುತ್ತದೆ. ಕೊರಳ ಸುತ್ತಳತೆ 40 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆ ಬೇಕು. ದರ್ಜಿ 16ರ ಕಾಲರು ಎಂದು ಬರೆದುಕೊಳ್ಳುತ್ತಾನಲ್ಲ, ಹೆಚ್ಚುಕಡಿಮೆ ಅದೇ ಅಳತೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವರ್ಷಗಟ್ಟಲೆ ಜನರನ್ನು ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೂಕ ನೂರಕ್ಕೆ 10ರಷ್ಟು ಇಳಿದರೆ ಉಸಿರು ನಿಲ್ಲುವ ಎಣಿಕೆ ನೂರಕ್ಕೆ 26ರಷ್ಟು ಇಳಿಯುವುದು ಕಂಡಿತು. ತೂಕ ಅಷ್ಟೇ ಏರಿದರೆ ಎಣಿಕೆ 32ರಷ್ಟು ಏರುತ್ತದೆ.

ಆದರೂ ಬಡಕಲು ಮೈಯವರು ಬಚಾವಾದರು ಎಂದಲ್ಲ. ಕೆಳದವಡೆ ಚಿಕ್ಕದಿದ್ದು ಹಿಂದಕ್ಕೆ ಸರಿದಿದ್ದರೆ ನಾಲಿಗೆಗೆ ಜಾಗ ಸಾಲುವುದಿಲ್ಲ. ಏಷ್ಯಾದ ಜನರಲ್ಲಿ ತೆಳ್ಳಗಿದ್ದೂ ಆಪ್ನಿಯ ಬರಲು ಇದೊಂದು ಮುಖ್ಯ ಕಾರಣ. ಮೂಗಿನ ನಡುಗೋಡೆ ಸೊಟ್ಟಗಿರುವುದು, ದೊಡ್ಡ ಟಾನ್ಸಿಲ್, ಥೈರಾಯ್ಡ್ ಕೊರತೆ, ಬೀಡಿ ಹೊಗೆಯಿಂದ ಊದಿದ ಗಂಟಲು ಇವೂ ಸೇರುತ್ತವೆ. ಗೋವಿನಜೋಳ ಒಕ್ಕುವ ದಿನಗಳ ಧೂಳು, ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಹಮಾಲಿ ಮಾಡುವವರ ಮೂಗಿಗೇರುವ ಘಾಟು ಮೂಗು ಕಟ್ಟಿಸಿ ಗೊರಕೆ ಹೆಚ್ಚಿಸುತ್ತವೆ.

‘ಹೆಣ್ಣಮಕ್ಕಳು ಎಲ್ಲೆರ ಗೊರಕಿ ಹೊಡೀತಾರೇನು?’

ಹೊಡೆಯುತ್ತಾರೆ. ಹೇಳಿಕೊಳ್ಳಲು ನಾಚುತ್ತಾರೆ, ಮನೆಯವರೂ ನಾಚಿಸುತ್ತಾರೆ. ಮುಟ್ಟು ನಿಂತ ಮೇಲೆ ಹಾರ್ಮೋನಿನ ಕಾವಲು ತಪ್ಪಿ ಅವರಲ್ಲಿ ಆಪ್ನಿಯ ಏರುತ್ತದೆ. ಅವರು ವೈದ್ಯರ ಮುಂದೆ ಹೇಳುವುದು ಗೊರಕೆಯ ಮಾತಲ್ಲ. ಬೆಳಗಾದರೆ ತಲೆನೋವು, ಮೈ ಭಾರ, ಯಾವುದರಲ್ಲೂ ಮನಸ್ಸಿಲ್ಲ, ರಾತ್ರಿ ಎಚ್ಚರ ಆಗುತ್ತದೆ ಎನ್ನುತ್ತಾರೆ. ರಕ್ತ ಕಡಿಮೆಯಾಗಿದೆ ಎಂದೋ ಚಿಂತೆ ಹೆಚ್ಚಾಗಿದೆ ಎಂದೋ ಗುಳಿಗೆ ಬರೆಸಿಕೊಂಡು ಬರುತ್ತಾರೆ. ಗಂಡಸರ ಗೊರಕೆಗೆ ಎಚ್ಚರವಿರುವ ಹೆಂಡತಿಯರಿದ್ದಾರೆ. ಹೆಂಗಸರ ಗೊರಕೆಯ ನಡುವಿನ ಮೌನಕ್ಕೆ ಎದ್ದು ಕೂರುವ ಗಂಡಂದಿರನ್ನು ನಾನು ಕಂಡದ್ದು ಕಡಿಮೆ.

ಬಸುರಿಯರಲ್ಲಿ ಹೊಸದಾಗಿ ಶುರುವಾದ ಜೋರು ಗೊರಕೆಗೂ ಬಸುರಿನ ಬಿಪಿಗೂ ಸಂಬಂಧ ಕಂಡುಬಂದಿದೆ. ತಾಯಿ ಕಾರ್ಡು ಹಿಡಿದು ತಪಾಸಣೆಗೆ ಹೋದಾಗ ಇದನ್ನೂ ಹೇಳಬೇಕು.

‘ಕೂಸು ಎಷ್ಟ ಚಂದ ಗೊರಕಿ ಹೊಡಿತೈತಿ ನೋಡು!’

ನೆಗಡಿಯಿಲ್ಲದೆ ದಿನವೂ ಗೊರಕೆ ಹೊಡೆಯುವ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು. ಎರಡರಿಂದ ಎಂಟು ವರ್ಷದವರೆಗೆ ಗಂಟಲಿನ ಟಾನ್ಸಿಲ್, ಮೂಗಿನ ಹಿಂದಿನ ಅಡೆನಾಯ್ಡ್ ಗಂಟುಗಳು ಪುಟ್ಟ ಗಂಟಲಿಗೆ ಹೋಲಿಸಿದರೆ ದೊಡ್ಡವು. ಬಾಯಿ ತೆರೆದು ಮಲಗುವುದು, ಕೊರಳು ಹಿಂದಕ್ಕೆ ಚಾಚಿ ವಿಚಿತ್ರ ಭಂಗಿಯಲ್ಲಿ ಮಲಗುವುದು, ನಿದ್ದೆಯಲ್ಲಿ ಬೆವರುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ರೂಢಿ ಮರಳುವುದು ಗುರುತುಗಳು. ಇಂಥ ಮಕ್ಕಳು ಹಗಲು ತೂಕಡಿಸುವುದು ಕಡಿಮೆ. ಬದಲಿಗೆ ಸಿಡುಕುತ್ತಾರೆ, ಒಂದೆಡೆ ಕೂರುವುದಿಲ್ಲ, ಪಾಠ ತಲೆಗೆ ಹತ್ತುವುದಿಲ್ಲ. ಶಾಲೆಯಲ್ಲಿ ‘ತುಂಟ’, ‘ದಡ್ಡ’ ಎಂಬ ಹೆಸರು ಅಂಟುತ್ತದೆ. ಉಸಿರಿಗಾಗಿ ರಾತ್ರಿಯೆಲ್ಲ ಗುದ್ದಾಡಿದ ಮಗುವಿಗೆ ಮರುದಿನ ಬೆತ್ತ ತೋರಿಸುವುದು ಅನ್ಯಾಯ. ಕೆಲವರಿಗೆ ಅಲರ್ಜಿಯ ಔಷಧ, ಮೂಗಿನ ಸ್ಪ್ರೇ ಸಾಕಾಗುತ್ತದೆ. ಟಾನ್ಸಿಲ್, ಅಡೆನಾಯ್ಡ್ ಶಸ್ತ್ರಚಿಕಿತ್ಸೆ ಬೇಕಾದ ಹೆಚ್ಚಿನ ಮಕ್ಕಳು ಅದರಿಂದ ಚೇತರಿಸಿಕೊಳ್ಳುತ್ತಾರೆ.

‘ರಾತ್ರಿ ಸ್ವಲ್ಪ ತಗೊಂಡ್ರ ನಿದ್ದಿ ಚಲೋ ಬರ್ತೈತಿ’

ಮದ್ಯ ಗಂಟಲ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸುತ್ತದೆ, ಎಚ್ಚರಗೊಳಿಸಬೇಕಾದ ಮಿದುಳನ್ನು ಮಂಕುಮಾಡುತ್ತದೆ. ಉಸಿರು ನಿಲ್ಲುವುದು ಹೆಚ್ಚುತ್ತದೆ, ಹೆಚ್ಚು ಹೊತ್ತು ನಿಲ್ಲುತ್ತದೆ. ಔಷಧದಂಗಡಿಯಲ್ಲಿ ಕೇಳಿ ತಂದ ನಿದ್ದೆ ಗುಳಿಗೆಯೂ ಹಾಗೆಯೇ.

‘ಮೂಗಿಗೆ ಎರಡು ಹನಿ ತುಪ್ಪ ಬಿಟ್ರ ಹೋಗತೈತಿ’

ತುಪ್ಪ, ಎಣ್ಣೆ ಒಣಗಿದ ಮೂಗನ್ನು ಮೆತ್ತಗೆ ಮಾಡಬಹುದು. ಅಂಟಿದ ಗಂಟಲನ್ನು ತೆರೆಯಲಾರವು. ದಿನಾ ಮಲಗುವಾಗ ಬಿಟ್ಟುಕೊಂಡರೆ ಜಿಡ್ಡು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಆಗುವ ಅಪಾಯವೂ ಇದೆ, ಹಸುಗೂಸುಗಳಿಗಂತೂ ಖಂಡಿತ ಬೇಡ. ಮೊಬೈಲಿನಲ್ಲಿ ಜಾಹೀರಾತು ನೋಡಿ ತರಿಸುವ ಮೂಗಿನ ಕ್ಲಿಪ್ಪು, ಗದ್ದದ ಪಟ್ಟಿಗಳಿಂದ ಆಪ್ನಿಯ ಗುಣವಾಗುವುದಿಲ್ಲ. ಬಾಯಿಗೆ ಟೇಪು ಅಂಟಿಸಿಕೊಳ್ಳುವುದನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಮೂಗು ಕಟ್ಟಿದವರಿಗೆ ಅದು ಉಸಿರು ಕಟ್ಟಿಸುವ ಉಪಾಯ.

ಖರ್ಚಿಲ್ಲದೆ ಮಾಡಬಹುದಾದದ್ದು ಬೇರೆ ಇದೆ. ಹಳೆಯ ಬನಿಯನ್ನಿನ ಬೆನ್ನಿಗೆ ಒಂದು ಕಿಸೆ ಹೊಲಿದು ಅದರಲ್ಲಿ ಚೆಂಡು ಇಟ್ಟರೆ ನಿದ್ದೆಯಲ್ಲಿ ಅಂಗಾತ ಹೊರಳಲು ಆಗುವುದಿಲ್ಲ. ಅಂಗಾತ ಮಲಗಿದಾಗ ಮಾತ್ರ ಗೊರಕೆ ಬರುವವರಿಗೆ ಇದು ನಿಜವಾಗಿ ನೆರವಾಗುತ್ತದೆ. ಮಂಚದ ತಲೆಯ ಬದಿಯನ್ನು ಸ್ವಲ್ಪ ಎತ್ತರಿಸುವುದೂ ಒಳ್ಳೆಯದು. ನಾಲಿಗೆ, ಅಂಗುಳಿಗೆ ವ್ಯಾಯಾಮ ಕೊಟ್ಟು ಬ್ರೆಜಿಲ್‌ನಲ್ಲಿ ಪರೀಕ್ಷಿಸಿದಾಗ ಮಧ್ಯಮ ಮಟ್ಟದ ಆಪ್ನಿಯ ಇಳಿದದ್ದು ಕಂಡಿದೆ. ಸ್ವಿಟ್ಜರ್ಲೆಂಡಿನ ವೈದ್ಯರು ಆಸ್ಟ್ರೇಲಿಯದ ಮೂಲನಿವಾಸಿಗಳ ಡಿಜೆರಿಡೂ ಎಂಬ ಊದುವಾದ್ಯವನ್ನು ರೋಗಿಗಳಿಗೆ ನಾಲ್ಕು ತಿಂಗಳು ಕಲಿಸಿ, ಹಗಲಿನ ತೂಕಡಿಕೆ ಕಡಿಮೆಯಾಯಿತೆಂದು 2006ರಲ್ಲಿ ವರದಿ ಮಾಡಿದರು. ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು ನಾದ ಕಡಿಯದಂತೆ ಊದುವ ವಿದ್ಯೆ ಅದು. ನಮ್ಮ ಸನಾದಿಯವರಿಗೂ ಗೊತ್ತಿರುವ ವಿದ್ಯೆ.

‘ಆಪರೇಶನ್ ಮಾಡಿಸಿಬಿಟ್ರ ಕಥಿ ಮುಗೀತು’

ಮಕ್ಕಳಲ್ಲಿ ಬಹುಪಾಲು ಹೌದು, ದೊಡ್ಡವರಲ್ಲಿ ಹಾಗಲ್ಲ. ಸೊಟ್ಟ ಮೂಗನ್ನು ನೇರ ಮಾಡಿದರೆ ಉಸಿರಾಟ ಹಗುರಾಗುತ್ತದೆ, ಗೊರಕೆ ತಗ್ಗಬಹುದು. ಆದರೆ ಗಂಟಲು ಅಂಟುವುದು ಮೂಗಿನಿಂದ ಕೆಳಗೆ. ಅಂಗುಳು, ಕಿರುನಾಲಿಗೆಯನ್ನು ಕತ್ತರಿಸಿ ಬಿಗಿಮಾಡುವ ಶಸ್ತ್ರಚಿಕಿತ್ಸೆ 1981ರಿಂದ ಬಳಕೆಯಲ್ಲಿದೆ. ಕೆಲವರಿಗೆ ಫಲ ಕೊಡುತ್ತದೆ, ಕೆಲವರಿಗೆ ವರ್ಷಗಳಲ್ಲಿ ಗೊರಕೆ ಮರಳುತ್ತದೆ. ಎಲ್ಲಿ ಅಂಟುತ್ತದೆ ಎಂದು ನೋಡದೆ ಕತ್ತರಿ ಹಾಕಿಸಿಕೊಳ್ಳಬಾರದು. ಸೌಮ್ಯ, ಮಧ್ಯಮ ಆಪ್ನಿಯ ಇದ್ದವರಿಗೆ ದಂತವೈದ್ಯರು ಅಳತೆ ತೆಗೆದು ಮಾಡುವ ಹಲ್ಲಿನ ಅಚ್ಚು ಒಂದು ಒಳ್ಳೆಯ ದಾರಿ. ಅದು ಕೆಳದವಡೆಯನ್ನು ರಾತ್ರಿ ಮುಂದಕ್ಕೆ ಹಿಡಿದಿಡುತ್ತದೆ. ತೂಕ ಇಳಿಸುವ ಟಿರ್ಜೆಪಟೈಡ್ ಚುಚ್ಚುಮದ್ದಿಗೆ, ಬೊಜ್ಜಿನ ಜತೆ ಆಪ್ನಿಯ ಇದ್ದವರಿಗೆಂದು, ಅಮೆರಿಕ 2024ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿದೆ. ದುಬಾರಿ ಮದ್ದು. ವೈದ್ಯರ ನಿಗಾ ಇಲ್ಲದೆ ಮುಟ್ಟುವಂತಿಲ್ಲ.

‘ಮಷೀನ್ ಹಚ್ಚಿದ್ರಂದ್ರ ಮುಗೀತು ಅಂವನ ಕಥಿ’

ಕೊರೊನಾ ಕಾಲದ ಮಾಸ್ಕು, ಆಮ್ಲಜನಕದ ನಳಿಕೆ ಕಂಡವರಿಗೆ ಈ ಭಯ ಬರುವುದು ಸಹಜ. ಆಪ್ನಿಯ ಇದ್ದವರು ಮಲಗುವಾಗ ಹಾಕಿಕೊಳ್ಳುವ, ಸಿಪ್ಯಾಪ್ ಎನ್ನುವ ಈ ಯಂತ್ರದಲ್ಲಿ ಆಮ್ಲಜನಕದ ಸಿಲಿಂಡರು ಇರುವುದಿಲ್ಲ. ಕೋಣೆಯ ಗಾಳಿಯನ್ನೇ ಸೋಸಿ, ಸಣ್ಣ ಒತ್ತಡದಲ್ಲಿ ಮೂಗಿಗೆ ತಳ್ಳುತ್ತದೆ. ಮತ್ತೆ ಪೈಪಿನ ಮಾತಿಗೆ ಬರುತ್ತೇನೆ. ಹೊಲದಲ್ಲಿ ಚಪ್ಪಟೆಯಾಗಿ ಬಿದ್ದಿರುವ ಡೆಲಿವರಿ ಪೈಪು ಮೋಟರು ಚಾಲೂ ಮಾಡಿದೊಡನೆ ನೀರಿನ ಒತ್ತಡಕ್ಕೆ ಉಬ್ಬಿ ದುಂಡಗಾಗುತ್ತದಲ್ಲ, ಗಂಟಲೂ ಹಾಗೆ ಗಾಳಿಯ ಒತ್ತಡಕ್ಕೆ ತೆರೆದುಕೊಳ್ಳುತ್ತದೆ. ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಇದನ್ನು 1981ರಲ್ಲಿ ಜಗತ್ತಿಗೆ ತಿಳಿಸಿದರು. ಅವರ ಮೊದಲ ಯಂತ್ರಕ್ಕೆ ಬಳಸಿದ್ದು ಕಸ ಹೀರುವ ವ್ಯಾಕ್ಯೂಮ್ ಕ್ಲೀನರಿನ ಮೋಟರು, ಗಾಳಿಯನ್ನು ಎಳೆಯುವ ಬದಲು ಊದುವಂತೆ ತಿರುಗಿಸಿದ್ದು. ನಲವತ್ತು ವರ್ಷ ಕಳೆದರೂ ಮಧ್ಯಮ, ತೀವ್ರ ಆಪ್ನಿಯಕ್ಕೆ ಇಷ್ಟು ಭರವಸೆಯ ಬೇರೆ ಚಿಕಿತ್ಸೆ ಬಂದಿಲ್ಲ.

ಇದು ಚಾಳಿ ಹಿಡಿಸುವ ವಸ್ತುವಲ್ಲ, ಶ್ವಾಸಕೋಶವನ್ನು ಸೋಮಾರಿ ಮಾಡುವುದೂ ಇಲ್ಲ. ಕನ್ನಡಕದ ಹಾಗೆ: ಹಾಕಿಕೊಂಡ ರಾತ್ರಿ ಗುಣ, ತೆಗೆದಿಟ್ಟ ರಾತ್ರಿ ಮತ್ತೆ ಗೊರಕೆ. ಮೊದಲ ವಾರ ಕಷ್ಟ. ಮಾಸ್ಕಿನ ಅಳತೆ ಸರಿಯಿಲ್ಲದಿದ್ದರೆ ಗಾಳಿ ಸೋರಿ ಕಣ್ಣು ಒಣಗುತ್ತದೆ. ಬದಲಿಸಿ ಕೊಡಿ ಎಂದು ಕೇಳಬೇಕು. ಕರೆಂಟು ಹೋದರೆ ಉಸಿರು ಕಟ್ಟುತ್ತದೆಯೇ ಎಂದು ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ. ಮೂಗಿನ ಮಾಸ್ಕಿನಲ್ಲಿ ಬಾಯಿ ತೆರೆದೇ ಇರುತ್ತದೆ, ಬಾಯಿ-ಮೂಗು ಎರಡನ್ನೂ ಮುಚ್ಚುವ ಮಾಸ್ಕಿನಲ್ಲಿ ತಾನಾಗಿ ತೆರೆಯುವ ಕವಾಟವಿದೆ. ಮನೆಯ ಇನ್ವರ್ಟರಿನಲ್ಲೂ ಯಂತ್ರ ಓಡುತ್ತದೆ. ಬೆಲೆ ಮಾತ್ರ ಹಲವು ಹತ್ತು ಸಾವಿರ ರೂಪಾಯಿ, ಇದು ಬಡವರಿಗೆ ದೊಡ್ಡ ಗೋಡೆ. ದೊಡ್ಡ ಊರುಗಳಲ್ಲಿ ಬಾಡಿಗೆಗೂ ಸಿಗುತ್ತದೆ, ಕೊಳ್ಳುವ ಮೊದಲು ಒಗ್ಗುತ್ತದೆಯೇ ಎಂದು ನೋಡಲು ಅದು ಒಳ್ಳೆಯ ದಾರಿ. ದೊಡ್ಡಪ್ಪ ಈಗ ಮಾಸ್ಕು ಹಾಕಿಕೊಂಡೇ ಮಲಗುತ್ತಾರೆ. ಬಿಪಿಯ ಮೂರು ಗುಳಿಗೆ ಎರಡಕ್ಕೆ ಇಳಿದಿದೆ.

‘ಅವರಿಗೇನಾಗೈತಿ ಅನ್ನೋದು ಅವರಿಗೇ ಗೊತ್ತಿರ್ತೈತಿ’

ಬೇರೆ ಕಾಯಿಲೆಗಳಲ್ಲಿ ಇರಬಹುದು. ಈ ಕಾಯಿಲೆಯಲ್ಲಿ ರೋಗಿಗೆ ಏನೂ ಗೊತ್ತಿರುವುದಿಲ್ಲ. ಗೊತ್ತಿರುವುದು ಪಕ್ಕದಲ್ಲಿ ಮಲಗಿದವರಿಗೆ. ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ನಿದ್ದೆಯ ಪ್ರಯೋಗಾಲಯಗಳಿವೆ. ಆದರೆ ಮೊದಲ ಹೆಜ್ಜೆಗೆ ಅಷ್ಟು ದೂರ ಬೇಕಿಲ್ಲ. ಹಾವೇರಿಯಲ್ಲೋ ಹುಬ್ಬಳ್ಳಿಯ ಕೆಎಂಸಿಆರ್‌ಐನಲ್ಲೋ (ಹಿಂದಿನ ಕಿಮ್ಸ್) ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಬಹುದು. ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು, ಎದೆಗೊಂದು ಪಟ್ಟಿ, ಮೂಗಿಗೊಂದು ಸಣ್ಣ ನಳಿಕೆ ಹಾಕಿಕೊಂಡು ಮನೆಯ ಹಾಸಿಗೆಯಲ್ಲೇ ಮಾಡುವ ಪರೀಕ್ಷೆಯೂ ಇದೆ. ಹೋಗುವ ಮುನ್ನ ಮನೆಯವರು ಮೊಬೈಲಿನಲ್ಲಿ ಐದು ನಿಮಿಷದ ವಿಡಿಯೊ ತೆಗೆದುಕೊಳ್ಳಲಿ, ಮುಖವೂ ಎದೆಯೂ ಕಾಣುವಂತೆ.

ದೊಡ್ಡಪ್ಪ ವರ್ಷಗಟ್ಟಲೆ ಬಿಪಿಗೆಂದು ಒಂದು ಆಸ್ಪತ್ರೆಗೆ ಹೋಗುತ್ತಿದ್ದರು. ಜತೆಗೆ ಹೋಗುತ್ತಿದ್ದುದು ಅವರ ಮಗ, ಇಲ್ಲವೇ ನಾನು. ನಿದ್ದೆ ಹೇಗೆ ಎಂದು ಅಲ್ಲಿನ ವೈದ್ಯರು ಒಮ್ಮೆ ಕೇಳಿದರು. ‘ಬಿದ್ದಕೂಡ್ಲೆ ಹತ್ತತೈತ್ರಿ’ ಎಂದರು ದೊಡ್ಡಪ್ಪ. ನಿದ್ದೆ ಚೆನ್ನಾಗಿದೆ ಎಂದು ವೈದ್ಯರು ಚೀಟಿಯಲ್ಲಿ ಬರೆದರು. ಬಿದ್ದಕೂಡಲೇ ನಿದ್ದೆ ಹತ್ತುವುದೇ ರೋಗದ ಗುರುತಿರಬಹುದು ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಟ್ರ್ಯಾಕ್ಟರು ಕಾಲುವೆಗೆ ಇಳಿದ ಮೇಲೆ ದೊಡ್ಡವ್ವ ಹಟ ಹಿಡಿದು ಜತೆಗೆ ಬಂದಳು. ಈ ಸಲ ಗಂಟಲಿನ ವೈದ್ಯರು.

‘ಗೊರಕೆ ಬರುತ್ತಾ ಯಜಮಾನ್ರೇ?’

‘ಒಂಚೂರು ಬರ್ತೈತಂತ್ರಿ. ಮಂದಿ ಹೇಳ್ತಾರ.’

‘ಗೊರಕಿ ಬರ್ಲಿ ಬಿಡ್ರಿ ಸಾಹೇಬ್ರ’ ಎಂದು ಹಿಂದಿನ ಬೆಂಚಿನಿಂದ ದೊಡ್ಡವ್ವ ಎದ್ದು ಬಂದಳು. ‘ನಡುವ ಉಸುರ ನಿಂದರತೈತ್ರಿ. ನಾನು ಓಂ ನಮಃ ಶಿವಾಯ ಅಂತ ಎಣಸ್ತೇನ್ರಿ. ಒಮ್ಮೊಮ್ಮೆ ಹದಿನೈದ ಆಗೂತನಕ ಉಸುರ ಇರೂದಿಲ್ರಿ.’

ವೈದ್ಯರು ಪೆನ್ನು ಕೆಳಗಿಟ್ಟು, ಕೈಗಡಿಯಾರ ನೋಡುತ್ತಾ, ರಾತ್ರಿ ಎಣಿಸುವ ಹಾಗೆಯೇ ಇನ್ನೊಮ್ಮೆ ಎಣಿಸಿ ಎಂದರು. ದೊಡ್ಡವ್ವ ಕಣ್ಣು ಮುಚ್ಚಿ, ಬೆರಳು ಮಡಿಸುತ್ತಾ ಎಣಿಸಿದಳು. 26 ಸೆಕೆಂಡು.

ಬಸ್ಸಿನಲ್ಲಿ ಮರಳುವಾಗ, ಇಷ್ಟು ವರ್ಷ ಯಾಕೆ ಹೇಳಲಿಲ್ಲ ದೊಡ್ಡವ್ವ ಎಂದೆ. ‘ನನ್ನ ಯಾರು ಕೇಳಿದ್ರಪಾ?’ ಎಂದಳು.